ಬಿಳಿಗಿರಿಯ ಕಾಡಿಗೆ ಹೋಗುವ ಮುನ್ನ



ಕಿರುತೆರೆಯ ಮೇಲೆ ಕಾಡೆಂದರೆ ಆನೆ, ಹುಲಿ, ಝರಿ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಹಾದಿ ಹಿಡಿದಾಗ ನಿಮ್ಮ ಕಣ್ಣೂ ಅವುಗಳನ್ನೇ ಹುಡುಕೀತು. ಆದರೆ ಈ ಕಾಡಿಗೊಂದು ಇತಿಹಾಸ ಉಂಟು. ಬಹುಮಟ್ಟಿಗೆ ಅದು ಗಡಿಗಳ ಇತಿಹಾಸ.

ಯಳಂದೂರು 1807ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಪಕ್ಕದ ಕೊಳ್ಳೇಗಾಲವಾದರೋ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದು ನಮ್ಮ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಇಂದಿನ ಹನೂರು ತಾಲ್ಲೂಕು ಆ ಹಳೆಯ ಕೊಳ್ಳೇಗಾಲದ್ದೇ ಭಾಗ. ಹೀಗೆ ಅಕ್ಕಪಕ್ಕದ ಬೆಟ್ಟಗಳಿಗೆ ಒಂದೂವರೆ ಶತಮಾನ ಬೇರೆ ಬೇರೆ ಒಡೆಯರು. ಆನೆಗಳಿಗೆ ಮಾತ್ರ ಇದು ತಿಳಿದಿರಲಿಲ್ಲ!

ಸೋಲಿಗರು ಗುರುತಿಸಿದ ಗಡಿಯೇ ಬೇರೆ. ಅದನ್ನು ಅವರು 'ಯೆಲ್ಲೆ' ಎನ್ನುತ್ತಾರೆ. ಒಂದೊಂದು ಕುಲದ ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರನ್ನು ಹೂಳುವ ಕಲ್ಲುಗುಡಿ, ನೀರಿನ ಅಬ್ಬಿ ಇರುತ್ತವೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಅವರಿಗೆ ದೇವಸ್ಥಾನ. ಬೆಟ್ಟದ ರಂಗಸ್ವಾಮಿಯಂತೂ ಅವರಿಗೆ ಭಾವ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನೆಂದು ಕಥೆ.

1974ರಲ್ಲಿ ಇಲ್ಲಿ ವನ್ಯಧಾಮ ಘೋಷಣೆಯಾಯಿತು. ಕುಮರಿ ಬೇಸಾಯ ನಿಂತಿತು. ಕಾಡಿನೊಳಗಿನ ಹಲವು ಪೋಡುಗಳ ಜನ ಬೇರೆಡೆ ನೆಲೆಸಬೇಕಾಯಿತು. ಬೇಸಗೆಯ ಮೊದಲು ಒಣ ತರಗಿಗೆ ಹಚ್ಚುತ್ತಿದ್ದ ಸಣ್ಣ ಬೆಂಕಿಯೂ ಅಪರಾಧವಾಯಿತು. 2006ರಲ್ಲಿ ಜೇನು, ನೆಲ್ಲಿಕಾಯಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿತ್ತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಅಂಗೀಕರಿಸಿದ್ದು ಎಂಥ ವಿಪರ್ಯಾಸ! 2011ರ ಆರಂಭದಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಸೋಲಿಗರು ಪಟ್ಟು ಬಿಡಲಿಲ್ಲ. ಅದೇ ವರ್ಷ ಇಪ್ಪತ್ತೈದು ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು.

ಬೆಂಕಿಯ ಮಾತು ಮಾತ್ರ ಇನ್ನೂ ತೀರಿಲ್ಲ. ಬೆಂಕಿ ನಿಂತ ಮೇಲೆಯೇ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ 'ಉಪ್ಪಿಲು' ಎಂಬ ಬಂದಣಿಕೆ ಹತ್ತಿತು ಎನ್ನುತ್ತಾರೆ ಹಿರಿಯ ಸೋಲಿಗರು. ಬಹುಕಾಲ ಯಾರೂ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಶೋಧಕರು 1997ರಲ್ಲಿ ಲೆಕ್ಕ ಹಾಕಿದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ, ಲಂಟಾನ ಸುಮಾರು ಎರಡು ಪಟ್ಟು ಜಾಗಗಳಿಗೆ ಹರಡಿತ್ತು. ಆದರೂ ಕಾಳ್ಗಿಚ್ಚಿಗೆ ಅಂಜುವ ಅಧಿಕಾರಿಗಳ ಭಯ ಸುಳ್ಳೆನ್ನುವಂತಿಲ್ಲ.

ನೀವು ಹೋದಾಗ ರಸ್ತೆಯ ಎರಡೂ ಬದಿ ನೋಡಿ. ಬಣ್ಣದ ಪುಟ್ಟ ಹೂಗಳ ಆ ಪೊದೆಯೇ ಲಂಟಾನ. ಪೋಡಿನ ಹಿರಿಯರು ಸಿಕ್ಕರೆ, ಅದು ಇಲ್ಲದಿದ್ದಾಗ ಅಲ್ಲಿ ಏನು ಬೆಳೆಯುತ್ತಿತ್ತೆಂದು ಕೇಳಿ.