ಮುಚ್ಚಿದ ಕಾರ್ಖಾನೆ, ತೆರೆದ ಗ್ಯಾರೇಜು

ಹುಬ್ಬಳ್ಳಿಯ ಗೋಕುಲ ರಸ್ತೆ ಎಂದರೆ ಇವತ್ತು ಹಲವರಿಗೆ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ. ಆದರೆ ಕೈಗಾರಿಕಾ ವಸಾಹತು, ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇರುವುದೂ ಇದೇ ರಸ್ತೆಯಲ್ಲಿ. ಲೇಥ್ ಯಂತ್ರ ಇರುವ ಊರಿನಲ್ಲಿ ಹಳೆಯ ಗಾಡಿ ಬೇಗ ಸಾಯುವುದಿಲ್ಲ. ಅಂಗಡಿಯಲ್ಲಿ ಸಿಗದ ಬುಶ್ಶನ್ನು ಯಾರಾದರೂ ಕಡೆದು ಕೊಡುತ್ತಾರೆ.

ಈ ಭಾಗದ ವರ್ಕ್‌ಶಾಪಿನ ಕತೆ ಶುರುವಾಗುವುದು ಚಿತ್ರಕಲೆಯಿಂದ ಎಂದರೆ ಆಶ್ಚರ್ಯವಾದೀತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಾರನಾಗಲು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದವರು. ಕೆಲವು ಬಣ್ಣಗಳು ತಮಗೆ ಸರಿಯಾಗಿ ಕಾಣುವುದಿಲ್ಲವೆಂದು ತಿಳಿದ ಮೇಲೆ ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದಕ್ಕೆ ಹೊರಳಿದರು. ಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು, ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಣ್ಣು ಕೈಬಿಟ್ಟ ಕಲೆ ಕೈಗೆ ಇಳಿದಿತ್ತು.

ಮೋಟಾರ್ ಸೈಕಲ್ಲಿನ ಕಾಲ ಆಮೇಲಿನದು. ಚೆಕ್ ದೇಶದ ಜಾವಾ ಗಾಡಿಯನ್ನು ಇಲ್ಲೇ ತಯಾರಿಸಲು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಮರುವರ್ಷವೇ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು. ಒಂದೇ ಪಿಸ್ಟನ್ನಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಕಡ್ಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಇಂಥ ಗಾಡಿಯನ್ನು ಓಡಿಸಿದರಷ್ಟೇ ಸಾಲದು, ಅದರ ಮಾತು ಕೇಳಿಸಿಕೊಳ್ಳಬೇಕು. ಪಾಯಿಂಟ್ ಸವೆದಿದೆಯೋ, ಕಾರ್ಬೋರೇಟರಿನಲ್ಲಿ ಕಸ ಸಿಕ್ಕಿದೆಯೋ ಎಂಬುದನ್ನು ಒಳ್ಳೆಯ ಮಿಸ್ತ್ರಿ ಪಾನಾ ಹಿಡಿಯುವ ಮೊದಲೇ ಸದ್ದಿನಲ್ಲಿ ಗುರುತಿಸುತ್ತಾನೆ. ಈ ವಿದ್ಯೆ ಪುಸ್ತಕದಿಂದ ಬಂದದ್ದಲ್ಲ. ಉಸ್ತಾದನ ಪಕ್ಕದಲ್ಲಿ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತ ಕೂತ ಹುಡುಗನಿಗೆ ವರ್ಷಗಳ ಮೇಲೆ ಬಂದದ್ದು.

1980ರ ದಶಕದ ನಡುವೆ ಜಪಾನಿ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದವು. ಅವು ಹೆಚ್ಚು ಮೈಲೇಜು ಕೊಟ್ಟವು, ಕಡಿಮೆ ಕಾಡಿದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಎರಡೇ ವರ್ಷಕ್ಕೆ, 1998ರಲ್ಲಿ, ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯ ಮೋಟಾರ್ ಸೈಕಲ್ಲುಗಳನ್ನೇ ಕಲಾಕೃತಿಗಳಾಗಿ ಸಾಲಾಗಿ ನಿಲ್ಲಿಸಿ ದೊಡ್ಡ ಪ್ರದರ್ಶನ ಮಾಡಿತು. ಅಲ್ಲಿ ಗಾಡಿ ಕಲೆಯಾಯಿತು, ಇಲ್ಲಿ ಗುಜರಿಯಾಯಿತು.

ಆದರೂ ಪೂರ್ತಿ ಗುಜರಿಯಾಗಲಿಲ್ಲ, ಗ್ಯಾರೇಜುಗಳು ಬಿಡಲಿಲ್ಲ. ಸವೆದ ಸಿಲಿಂಡರಿಗೆ ಬೋರ್ ಹೊಡೆಸಿ ದೊಡ್ಡ ಪಿಸ್ಟನ್ ಕೂರಿಸಿದರು. ಟ್ಯಾಂಕಿನ ತಗ್ಗು ತಟ್ಟಿ ಎತ್ತಿ, ಕೆಂಪು ಬಣ್ಣ ಹೊಡೆದು, ಕ್ರೋಮಿನ ಅಂಚಿಗೆ ಉಸಿರು ಬಿಗಿಹಿಡಿದು ತೆಳು ಗೆರೆ ಎಳೆದರು. ಆ ಗೆರೆ ಎಳೆದವನನ್ನು ಊರು ಪೇಂಟರ್ ಎಂದಿತು, ಕಲಾವಿದ ಎನ್ನಲಿಲ್ಲ. ಈಗ ಜುಲೈ ತಿಂಗಳ ಎರಡನೇ ರವಿವಾರ ಜಾವಾ ದಿನ ಎಂದು ಊರೂರಲ್ಲಿ ಗಾಡಿಗಳು ಸೇರುತ್ತವೆ. ಜನ ಮಾಲೀಕನ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಹೆಸರು ಮರಳಬಹುದು, ಕಿವಿಯಿಂದ ಎಂಜಿನ್ ಓದುವ ವಿದ್ಯೆ ಹಾಗೆ ಮರಳುವುದಿಲ್ಲ.

ಹಳೆಯ ಗಾಡಿಗೆ ಈಗ ಬೆಲೆ ಬಂದಿದೆ. ಅದನ್ನು ಬದುಕಿಸಿದ ಕೈಗೂ ಅಷ್ಟೇ ಬೆಲೆ ಬಂದರೆ ಮಾತ್ರ ಇನ್ನೊಬ್ಬ ಹುಡುಗ ಉಸ್ತಾದನ ಪಕ್ಕ ಬಂದು ಕೂತಾನು. ಇಲ್ಲದಿದ್ದರೆ ಟ್ಯಾಂಕು ಹೊಳೆಯುತ್ತಲೇ ಇರುತ್ತದೆ, ಕಿಕ್ ಹೊಡೆದರೆ ಸದ್ದು ಬರುವುದಿಲ್ಲ.