ಮೂಗಿನ ಮಟ್ಟದ ಗಾಳಿ, ಬಾನಿನ ಕಣ್ಣು

ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ನಮ್ಮ ಮೂಗಿನ ಮಟ್ಟದ ಗಾಳಿಯ ಹೊಲಸು ತಿಳಿಯುವುದಾದರೂ ಹೇಗೆ? ಕಡಲಿನ ಮೇಲಿನ ಹೊಗೆಯನ್ನು ಗುರುತಿಸುವುದು ಸುಲಭ. ಕಪ್ಪನೆಯ ನೀರಿನ ಹಿನ್ನೆಲೆಯಲ್ಲಿ ಕಣಗಳು ಚದುರಿಸಿದ ಬೆಳಕು ಎದ್ದು ಕಾಣುತ್ತದೆ. ನೆಲವೋ, ತಾನೇ ಹೊಳೆಯುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ಊದುಬತ್ತಿಯ ಹೊಗೆ ಕಂಡೀತೇ? ಆದರೆ ಜನ ಬದುಕುವುದು ನೆಲದ ಮೇಲೆ.

ನಾಸಾದ ಯೋರಾಮ್ ಕೌಫ್ಮನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದಕ್ಕೊಂದು ಉಪಾಯ ಹುಡುಕಿದರು. 2.1 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಬೆಳಕಿಗೆ ಹೊಗೆ ಹೆಚ್ಚುಕಡಿಮೆ ಅಡ್ಡಿಯೇ ಅಲ್ಲ. (ಮರುಭೂಮಿಯ ದಪ್ಪ ಧೂಳಿಗೆ ಈ ಮಾತು ಸಲ್ಲದು.) ಕಾಡು, ಹಸಿರು ಹೊಲಗಳ ಮೇಲೆ ಆ ಬೆಳಕನ್ನು ಅಳೆದರೆ, ಗಾಳಿ ಶುಭ್ರವಾಗಿದ್ದಲ್ಲಿ ಅದೇ ನೆಲ ಕೆಂಪು, ನೀಲಿ ಬೆಳಕಿನಲ್ಲಿ ಎಷ್ಟು ಹೊಳೆಯಬೇಕಿತ್ತೆಂದು ಅಂದಾಜಿಸಬಹುದು. ಅದಕ್ಕಿಂತ ಹೆಚ್ಚಿಗೆ ಕಂಡದ್ದೆಲ್ಲ ಕಣಗಳ ಪಾಲು. 1999ರ ಡಿಸೆಂಬರಿನಲ್ಲಿ ಉಡಾಯಿಸಿದ ಟೆರಾ ಉಪಗ್ರಹದ ‘ಮೋಡಿಸ್’ ಉಪಕರಣ ಈ ವಿಧಾನವನ್ನು ಬಳಕೆಗೆ ತಂದಿತು.

ಅಷ್ಟಾದರೂ ಸಿಕ್ಕಿದ್ದು ನೆಲದಿಂದ ವಾತಾವರಣದ ತುದಿಯವರೆಗಿನ ಒಟ್ಟು ಲೆಕ್ಕ. ನಾವು ಉಸಿರಾಡುವ ಪದರದ ಪಾಲೆಷ್ಟು? ಗಾಳಿಯ ಚಲನೆ, ತೇವಾಂಶ, ಹೊಗೆಯ ಮೂಲಗಳನ್ನು ಕಂಪ್ಯೂಟರಿಗೆ ಊಡಿಸಿ ಈ ಗಂಟನ್ನು ಬಿಡಿಸಿದವರು ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಆರನ್ ವಾನ್ ಡಾಂಕೆಲಾರ್, ರಾಂಡಲ್ ಮಾರ್ಟಿನ್ ಮತ್ತಿತರರು. 2001ರಿಂದ 2006ರ ಅವಧಿಯ ಅವರ ಜಾಗತಿಕ ನಕ್ಷೆ 2010ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಆಳಕ್ಕೆ ಇಳಿಯುವ, 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಗಂಗಾ ಬಯಲಿನಲ್ಲೂ ಪೂರ್ವ ಚೀನಾದಲ್ಲೂ ದಟ್ಟವಾಗಿದ್ದವು. ಒಂದು ಮಾಪಕವನ್ನೂ ಕಾಣದ ಹಳ್ಳಿಗಳ ಗಾಳಿಗೂ ಅದರಲ್ಲಿ ಅಂಕಿ ಸಿಕ್ಕಿತು.

ಆ ಅಂಕಿಯನ್ನು ತಾಳೆ ನೋಡಲು ಮಾತ್ರ ನೆಲದ ಮಾಪಕವೇ ಬೇಕು. ಇರುಳಿನಲ್ಲಿ, ಮೋಡ ಕವಿದ ದಿನಗಳಲ್ಲಿ ಈ ವಿಧಾನ ನಡೆಯದು.