ದೂರದ ಅಳತೆಯಿಂದ ಮುಖದ ಆಯ್ಕೆಗೆ: ಕ್ಯಾಮೆರಾ ಫೋಕಸ್‌ನ ಚರಿತ್ರೆ

ಕೆಮ್ಮಣ್ಣಿನ ತೂಗುಸೇತುವೆಯ ಮೇಲೆ ನಿಂತವರ ಫೋಟೊ ತೆಗೆಯುವಾಗ ಕ್ಯಾಮೆರಾದೆದುರು ಹಲವು ದೂರಗಳಿರುತ್ತವೆ. ಹತ್ತಿರದಲ್ಲಿ ಸೇತುವೆಯ ಸರಿಗೆ, ನಡುವೆ ಮನುಷ್ಯ, ಕೆಳಗೆ ಸ್ವರ್ಣಾ ನದಿ, ಆಚೆ ತಿಮ್ಮಣ್ಣಕುದ್ರುವಿನ ತೆಂಗು. ಇವುಗಳಲ್ಲಿ ಯಾವುದು ಸ್ಪಷ್ಟವಾಗಿ ಮೂಡಬೇಕೆಂದು ಯಂತ್ರ ತಾನೇ ನಿರ್ಧರಿಸಲು ಕಲಿತದ್ದು ಎರಡು ಹಂತಗಳಲ್ಲಿ: ಮೊದಲು ದೂರ ಅಳೆಯಲು, ಆಮೇಲೆ ಮುಖ ಹುಡುಕಲು. ಇವೆರಡನ್ನೂ ಒಂದೇ ಪ್ರಗತಿಯ ಕಥೆಯಾಗಿ ಹೇಳುವುದು ರೂಢಿ. ಆದರೆ ದೂರ ಅಳೆಯುವುದು ಭೌತಶಾಸ್ತ್ರ, ಮುಖ ಹುಡುಕುವುದು ಮಾದರಿಗಳಿಂದ ಕಲಿತ ಊಹೆ. ಹಾಗಾಗಿ ಅವು ಎಡವುವ ಜಾಗಗಳೂ ಬೇರೆ ಎಂಬುದು ಈ ಲೇಖನದ ವಾದ.

ದೂರದ ಅಳತೆ

ಸ್ವಯಂ ಫೋಕಸ್ ಜನಸಾಮಾನ್ಯರ ಕೈಗೆ ಬಂದದ್ದು 1977ರ ಕೊನಿಕಾ ಸಿ35 ಎಎಫ್ ಕ್ಯಾಮೆರಾದಿಂದ. ಅದರೊಳಗಿದ್ದದ್ದು ಹನಿವೆಲ್ ಕಂಪನಿಯ ಘಟಕ. ಮರುವರ್ಷ ಪೊಲರಾಯ್ಡ್ ಶ್ರವಣಾತೀತ ಧ್ವನಿ ಕಳಿಸಿ, ಅದು ಮರಳುವ ಹೊತ್ತಿನಿಂದ ದೂರ ಲೆಕ್ಕಹಾಕಿತು. ಎದುರಿಗೆ ಕಿಟಕಿ ಗಾಜಿದ್ದರೆ ಫೋಕಸ್ ಗಾಜಿನ ಮೇಲೇ ಕೂರುತ್ತಿತ್ತು.

1985ರ ಮಿನೋಲ್ಟಾ 7000 ಲೆನ್ಸಿನ ಎರಡು ಬದಿಗಳಿಂದ ಬಂದ ಬೆಳಕಿನಲ್ಲಿ ಎರಡು ಪುಟ್ಟ ಬಿಂಬ ಮಾಡಿ ಹೋಲಿಸುತ್ತಿತ್ತು. ಅವುಗಳ ನಡುವಿನ ಅಂತರ ನೋಡಿದರೆ ಲೆನ್ಸನ್ನು ಯಾವ ಕಡೆಗೆ, ಎಷ್ಟು ಸರಿಸಬೇಕೆಂದು ತಿಳಿಯುತ್ತದೆ. ಆದರೆ ಅದರ ಸೆನ್ಸರ್ ಒಂದೇ ಅಡ್ಡ ಸಾಲು. ಸೇತುವೆಯ ಲಂಬ ಸರಿಗೆ ಅದಕ್ಕೆ ಸಿಗುತ್ತದೆ, ಅಡ್ಡಡ್ಡ ಹರಿದ ನೀರಿನಂಚು ಸಿಗುವುದಿಲ್ಲ. 1989ರ ಕ್ಯಾನನ್ ಇಒಎಸ್-1 ಅಡ್ಡ ಸಾಲಿಗೆ ಲಂಬ ಸಾಲು ಕೂಡಿಸಿದ ಸೆನ್ಸರ್ ಅಳವಡಿಸಿ ಈ ಕೊರತೆ ನೀಗಿಸಿತು. ಸ್ವಯಂ ಫೋಕಸ್ ತಂತ್ರದ ಪೇಟೆಂಟ್ ಜಗಳದಲ್ಲಿ 1992ರಲ್ಲಿ ಮಿನೋಲ್ಟಾ ಹನಿವೆಲ್‌ಗೆ 12.75 ಕೋಟಿ ಡಾಲರ್ ತೆರಬೇಕಾಯಿತು.

ಸಣ್ಣ ಡಿಜಿಟಲ್ ಕ್ಯಾಮೆರಾಗಳು ಲೆನ್ಸನ್ನು ಹಿಂದೆ ಮುಂದೆ ಆಡಿಸಿ, ಚಿತ್ರ ಅತಿ ಚುರುಕಾಗುವ ಬಿಂದುವನ್ನು ಹುಡುಕಿದವು. ಅವುಗಳ ಫೋಕಸ್ ನಿಧಾನವಾಗಿದ್ದುದಕ್ಕೆ ಕಾರಣ ಅದೇ. 2013ರ ಕ್ಯಾನನ್ 70ಡಿಯಲ್ಲಿ ಚಿತ್ರದ ಪಿಕ್ಸೆಲ್ಲನ್ನೇ ಇಬ್ಭಾಗ ಮಾಡಿ ಬಿಂಬ ಹೋಲಿಕೆಯನ್ನು ಅಲ್ಲೇ ನಡೆಸಲಾಯಿತು.

ಮುಖದ ಲೆಕ್ಕ

ದೂರ ಅಳೆಯಬಲ್ಲ ಯಂತ್ರಕ್ಕೂ ಯಾವುದರ ದೂರ ಅಳೆಯಬೇಕೆಂಬ ಪ್ರಶ್ನೆ ಉಳಿದಿತ್ತು. ಚಿತ್ರದಲ್ಲಿ ಮುಖ ಹುಡುಕಲು 2001ರಲ್ಲಿ ಪಾಲ್ ವಯೋಲಾ ಮತ್ತು ಮೈಕೆಲ್ ಜೋನ್ಸ್ ಪ್ರಕಟಿಸಿದ ವಿಧಾನ ಮುಖವನ್ನು ಬೆಳಕು-ನೆರಳಿನ ಆಯತಗಳಾಗಿ ಬಿಡಿಸಿತು. ಕಣ್ಣಿನ ಪಟ್ಟಿ ಕೆನ್ನೆಗಿಂತ ಕಪ್ಪು, ಮೂಗಿನ ಏಣು ಎರಡೂ ಕಣ್ಣಿಗಿಂತ ಬಿಳಿ. ಇಂಥ ಗುರುತುಗಳನ್ನು ಸಾವಿರಾರು ಮುಖಚಿತ್ರಗಳಿಂದ ಆಯ್ದು, 24×24 ಪಿಕ್ಸೆಲ್‌ನ ಕಿಟಕಿಯಲ್ಲಿ ಒಂದೊಂದಾಗಿ ಪರೀಕ್ಷಿಸಲಾಗುತ್ತದೆ. ಮೊದಲ ಪರೀಕ್ಷೆಯಲ್ಲೇ ಸೋತ ಜಾಗವನ್ನು ಮತ್ತೆ ನೋಡುವುದಿಲ್ಲ. ಆದ್ದರಿಂದಲೇ 700 ಮೆಗಾಹರ್ಟ್ಸ್‌ನ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 15 ಚಿತ್ರ ಜಾಲಾಡಲು ಸಾಧ್ಯವಾಯಿತು. 2005ರಲ್ಲಿ ನಿಕಾನ್ ತನ್ನ ಕೂಲ್‌ಪಿಕ್ಸ್ ಕ್ಯಾಮೆರಾಗಳಲ್ಲಿ ಮುಖಕ್ಕೆ ಆದ್ಯತೆ ಕೊಡುವ ಫೋಕಸ್ ತಂದಿತು.

ಬಣ್ಣ ಹಚ್ಚಿದ ಮುಖ

ಉಡುಪಿ ಸೀಮೆಯ ಯಕ್ಷಗಾನ ರಂಗಸ್ಥಳ ಈ ಲೆಕ್ಕಕ್ಕೆ ಒಳ್ಳೆಯ ಪರೀಕ್ಷೆ. ಸ್ತ್ರೀವೇಷದ ಕಾಡಿಗೆ ಕಣ್ಣಿನ ಪಟ್ಟಿಯನ್ನು ಇನ್ನಷ್ಟು ಕಪ್ಪಾಗಿಸಿ ಯಂತ್ರದ ಕೆಲಸ ಹಗುರ ಮಾಡುತ್ತದೆ. ರಾಕ್ಷಸ ಪಾತ್ರಗಳ ಬಣ್ಣದ ವೇಷ ಹಾಗಲ್ಲ: ಕೆನ್ನೆಗೆ ಕಪ್ಪು-ಕೆಂಪು, ಅದರ ಮೇಲೆ ಚುಟ್ಟಿ ಎಂಬ ಬಿಳಿ ಉಬ್ಬು ಚುಕ್ಕೆಗಳು. ವಯೋಲಾ-ಜೋನ್ಸ್ ನಂಬಿದ ಬೆಳಕು-ನೆರಳಿನ ಕ್ರಮ ಇಲ್ಲಿ ಬುಡಮೇಲು. ಆಗ ಫೋಕಸ್ ಚೌಕವನ್ನು ಕಣ್ಣಿನ ಮೇಲೆ ತಾನೇ ಇಡುವುದು ಛಾಯಾಗ್ರಾಹಕನ ಪಾಲಿನ ಕೆಲಸ.

ಈಗಿನ ಕ್ಯಾಮೆರಾಗಳು ನರಜಾಲ ಮಾದರಿಗಳಿಂದ ಕಣ್ಣು, ಹಕ್ಕಿ, ಪ್ರಾಣಿಗಳನ್ನೂ ಗುರುತಿಸುತ್ತವೆ. ಆದರೂ ಅವು ಕಲಿಯುವುದು ತೋರಿಸಿದ ಚಿತ್ರಗಳಿಂದಲೇ. ಅಡ್ಡಗೆರೆಯ ಕುರುಡನ್ನು ಇನ್ನೊಂದು ಸಾಲು ಸೆನ್ಸರ್ ನೀಗಿಸಿತು. ಬಣ್ಣದ ವೇಷವನ್ನು ಯಂತ್ರ ಮುಖವೆಂದು ಒಪ್ಪಬೇಕಾದರೆ, ಅಂಥ ಮುಖಗಳನ್ನು ಯಾರಾದರೂ ಅದರ ಪಾಠದೊಳಗೆ ಸೇರಿಸಬೇಕು.